ಹಂಬೋಲ್ಟ್ ಬೆಟ್ಟದ ವೀರಗಲ್ಲು

ಪತ್ರ: ಧ್ರುವದ ಹಿಮದಲ್ಲಿ ಸತ್ತ ವಿಜ್ಞಾನಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಬರೆದಿದ್ದೀರಿ. ಅವರು ಪರದೇಶದವರು, ತಾವಾಗಿಯೇ ಹೋದವರು. ನಮ್ಮ ಕಡೆ ವೀರಗಲ್ಲಿಗೆ ದನ ಕಟ್ಟುತ್ತಾರೆ. ಮೊದಲು ನಮ್ಮವರನ್ನು ನೆನೆಯಬಾರದೇ?
— ನಿವೃತ್ತ ಶಾಲಾ ಮಾಸ್ತರರು, ಹಾನಗಲ್ಲ ತಾಲ್ಲೂಕು

ಮಾಸ್ತರರೇ, ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ವೀರಗಲ್ಲಿಗೆ ದನ ಕಟ್ಟಿದ್ದನ್ನು ನಾನೂ ನೋಡಿದ್ದೇನೆ. ಕರುಳು ಚುರುಕ್ ಅಂದಿತ್ತು. ಆದರೆ ಆ ಕಲ್ಲಿನಲ್ಲಿ ಇರುವವನು ಯಾರು? ಎಷ್ಟೋ ಕಡೆ ಅವನು ಅರಸನಲ್ಲ. ತುರುಗೋಳಿನಲ್ಲಿ ಊರ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ, ತಿರುಗಿ ಬಾರದವನು. ಅವನೂ ತಾನಾಗಿಯೇ ಹೋದವನು, ಅಲ್ವಾ?

ಬ್ರಿಟನ್ನಿನ ಅನ್ವೇಷಕ ಸ್ಕಾಟ್ ಮತ್ತು ನಾಲ್ವರು ಜೊತೆಗಾರರು 1912ರ ಜನವರಿ 17ಕ್ಕೆ ದಕ್ಷಿಣ ಧ್ರುವ ಮುಟ್ಟಿದರು. ವಾಪಸ್ ಬರುವಾಗ ಐವರೂ ತೀರಿಕೊಂಡರು. ಕೊನೆಯ ಮೂವರ ಡೇರೆ ಹುಡುಕುವವರಿಗೆ ಸಿಕ್ಕಿದ್ದು ನವೆಂಬರ್‌ನಲ್ಲಿ. ಆಹಾರ, ಎಣ್ಣೆ ಇಟ್ಟಿದ್ದ ಜಾಗ ಅಲ್ಲಿಂದ ಬರೀ 20 ಕಿ.ಮೀ.ಯಷ್ಟು ದೂರದಲ್ಲಿತ್ತು. ಅವರ ಜಾರುಬಂಡಿಯಲ್ಲಿ ಸುಮಾರು 16 ಕಿಲೋ ಕಲ್ಲು ಇತ್ತು! ಕಾಲು ಎತ್ತಿಡಲು ಆಗದ ಹೊತ್ತಿನಲ್ಲೂ ಅದನ್ನು ಬಿಸಾಕಿರಲಿಲ್ಲ. ಆ ಕಲ್ಲುಗಳಲ್ಲಿ ಗ್ಲೋಸಾಪ್ಟೆರಿಸ್ ಎಂಬ ಗಿಡದ ಎಲೆಯಚ್ಚು ಇತ್ತು. ಅದೇ ಎಲೆ ನಮ್ಮ ದೇಶದ ಕಲ್ಲಿದ್ದಲಿನ ಪದರಗಳಲ್ಲೂ ಸಿಗುತ್ತದೆ. ಆ ಹಿಮದ ನೆಲವೂ ನಮ್ಮ ನೆಲವೂ ಒಂದು ಕಾಲಕ್ಕೆ ಕೂಡಿಕೊಂಡಿದ್ದವು ಎನ್ನುವುದಕ್ಕೆ ಅದೂ ಒಂದು ಸಾಕ್ಷಿ. ಹಾಗಾಗಿ ಅವರನ್ನು ಸುಮ್ನೆ ಪರದೇಶದವರು ಅಂದುಬಿಡಲು ನನಗೆ ಮನಸ್ಸು ಬರುವುದಿಲ್ಲ.

ಖಂಡಗಳು ಸರಿಯುತ್ತವೆ ಎಂದು ಅದೇ 1912ರಲ್ಲಿ ಹೇಳಿದವರು ಆಲ್ಫ್ರೆಡ್ ವೆಗನರ್. 1930ರಲ್ಲಿ ಗ್ರೀನ್‌ಲ್ಯಾಂಡಿನ ನಡುಹಿಮದ ಠಾಣೆಯಿಂದ ವಾಪಸ್ ಬರುವಾಗ ಅವರೂ ತೀರಿಕೊಂಡರು. ಜೊತೆಗಿದ್ದ ಗ್ರೀನ್‌ಲ್ಯಾಂಡಿನ ಯುವಕ ರಾಸ್ಮಸ್ ವಿಲ್ಲುಮ್ಸೆನ್, ವೆಗನರ್ ದೇಹವನ್ನು ಹಿಮದಲ್ಲಿ ಹೂಳಿ, ಗುರುತಿಗೆ ಸ್ಕೀ ನೆಟ್ಟು ಮುಂದೆ ಹೋದ. ವೆಗನರ್ ದೇಹ ಮರುವರ್ಷ ಸಿಕ್ಕಿತು. ವಿಲ್ಲುಮ್ಸೆನ್ ಸಿಗಲೇ ಇಲ್ಲ. ನಮ್ಮ ಲೇಖನದಲ್ಲಿ ಅವನ ಹೆಸರು ಬಿಟ್ಟುಹೋಗಿತ್ತು. ಅದು ತಪ್ಪು, ಇಲ್ಲಿ ತಿದ್ದಿಕೊಳ್ಳುತ್ತೇನೆ.

ಇನ್ನು ನಮ್ಮವರು. 1990ರ ಜನವರಿ 8ರಂದು ಅಂಟಾರ್ಕ್ಟಿಕಾದ ಹಂಬೋಲ್ಟ್ ಬೆಟ್ಟಗಳ ಬಿಡಾರದಲ್ಲಿ ಅವಘಡವಾಗಿ, ಭಾರತದ ಒಂಬತ್ತನೇ ಯಾತ್ರೆಯ ನಾಲ್ವರು ತೀರಿಕೊಂಡರು. ಮೂವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಜ್ಞಾನಿಗಳು. ಒಬ್ಬರು ನೌಕಾಪಡೆಯ ಸಂಪರ್ಕ ತಂತ್ರಜ್ಞರು. ನಮ್ಮ ಭಾಗದ ಹಳೆಯ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್ ದುಡಿದದ್ದೂ ಇದೇ ಸರ್ವೇಕ್ಷಣೆಯಲ್ಲಿ. ಆ ನಾಲ್ವರ ನೆನಪಿಗೆ ಅಲ್ಲಿನ ಇಂಡಿಯಾ ಪಾಯಿಂಟ್‌ನಲ್ಲಿ ಒಂದು ಫಲಕವಿದೆ. ಅಂಟಾರ್ಕ್ಟಿಕಾದ ಐತಿಹಾಸಿಕ ಸ್ಮಾರಕಗಳ ಪಟ್ಟಿಯಲ್ಲಿ ಅದು 78ನೆಯದು. ನನ್ನ ಪಾಲಿಗೆ ಅದೂ ವೀರಗಲ್ಲೇ. ಹೂವು ಏರಿಸಲು ಅಲ್ಲಿ ಊರಿಲ್ಲ, ಅಷ್ಟೇ.

ಜನವರಿ ಸಂಚಿಕೆಯಲ್ಲಿ ಈ ನಾಲ್ವರ ಬಗ್ಗೆ ಬರೆಯುತ್ತೇವೆ. ಎದುರಿನ ಪುಟ ನಿಮ್ಮ ಊರಿನ ವೀರಗಲ್ಲಿಗೆ ಮೀಸಲು. ದಯವಿಟ್ಟು ದನ ಬಿಚ್ಚಿಸಿ, ಬರೀ ನೀರಿನಲ್ಲಿ ಕಲ್ಲು ತೊಳೆಸಿ, ಒಂದು ಫೋಟೋ ತೆಗೆಸಿ ಕಳಿಸಿ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆಸಿ. ಸವೆದ ಅಕ್ಷರ ಆ ಹೊತ್ತಿಗೇ ಜಾಸ್ತಿ ಕಾಣುತ್ತವೆ.

— ಸಂಪಾದಕ, ಧಾರವಾಡ