ಬಿಕಾಂ ಮುಗಿಸಿ ಫ್ಯಾಷನ್ ಮರ್ಚಂಡೈಸಿಂಗ್‌ಗೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಬಾಗಲಕೋಟೆಯಲ್ಲಿ ಬಿಕಾಂ ಕೊನೆಯ ವರ್ಷ ಓದುತ್ತಿದ್ದೀರಿ, ಬಟ್ಟೆ ಅಂಗಡಿಗಳ ಮರ್ಚಂಡೈಸಿಂಗ್ ಕೆಲಸಕ್ಕೆ ಹೋಗುವ ಆಸೆ ಇದೆ. ಫ್ಯಾಷನ್ ಡಿಗ್ರಿ ಇಲ್ಲ, ಚಿತ್ರ ಬಿಡಿಸೋಕೆ ಬರಲ್ಲ, ಅಪ್ಪ ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ. ದಾರಿ ಇದೆಯಾ?

ಇದೆ. ನಾನು ಗುಳೇದಗುಡ್ಡದವಳು, ನಿಮ್ಮ ಹಾಗೇ ಬಾಗಲಕೋಟೆಯಲ್ಲಿ ಬಿಕಾಂ ಮಾಡಿದವಳು. ಬೆಳಗಾವಿಯ ಒಂದು ಬಟ್ಟೆ ಮಳಿಗೆಯಲ್ಲಿ ಸೇಲ್ಸ್‌ಗೆ ಸೇರಿದೆ. ಈಗ ಬೆಂಗಳೂರಿನಲ್ಲಿ ಒಂದು ಕಂಪನಿಯ ಮುಖ್ಯ ಕಚೇರಿಯಲ್ಲಿ ಹೆಣ್ಣುಮಕ್ಕಳ ಕುರ್ತಿ, ಸೀರೆ ವಿಭಾಗದ ಪ್ಲಾನರ್ ಆಗಿದ್ದೇನೆ, ಅಂದರೆ ಯಾವ ಮಾಲು ಎಷ್ಟು ಬೇಕು ಅಂತ ಲೆಕ್ಕ ಹಾಕುವವಳು.

ಚಿತ್ರದ ಚಿಂತೆ ಬಿಡಿ, ಅದು ಡಿಸೈನರ್ ಕೆಲಸ. ಯಾವ ಬಟ್ಟೆ, ಎಷ್ಟು ಪೀಸ್, ಯಾವ ಸೈಜ್, ಯಾವ ಊರಿನ ಅಂಗಡಿಗೆ, ಯಾವ ವಾರ, ಯಾವ ಬೆಲೆಗೆ? ಇದನ್ನು ತೀರ್ಮಾನ ಮಾಡೋದು ಮರ್ಚಂಡೈಸಿಂಗ್. ಮಾರಾಟ ಆಗದಿದ್ದರೆ ಯಾವಾಗ ಬೆಲೆ ಇಳಿಸಬೇಕು ಅನ್ನುವುದೂ ಇದರಲ್ಲೇ ಬರುತ್ತದೆ. ಪೂರ್ತಿ ಲೆಕ್ಕದ ಕೆಲಸ. ಬಿಕಾಂ ಓದಿದವರಿಗೆ ಇದು ಹೊರಗಿನದಲ್ಲ.

ಒಂದು ಲೆಕ್ಕ ನೋಡಿ. ಒಂದು ಡಿಸೈನಿನ 100 ಕುರ್ತಿ ತರಿಸಿದಿರಿ, 8 ವಾರದಲ್ಲಿ 70 ಹೋದವು. ಸೆಲ್ ಥ್ರೂ, ಅಂದರೆ ತರಿಸಿದ್ದರಲ್ಲಿ ಮಾರಾಟವಾದ ಪಾಲು, 70 ಪರ್ಸೆಂಟ್. ಚೆನ್ನಾಗಿದೆ ಅನಿಸುತ್ತದೆ ಅಲ್ವಾ? ಉಳಿದ 30ರಲ್ಲಿ 22 ಬರೀ ಎಸ್ ಸೈಜ್ ಆಗಿದ್ದರೆ? ಆಗ ಡಿಸೈನ್ ಸರಿ ಇತ್ತು, ಸೈಜ್ ರೇಶಿಯೋ (ಯಾವ ಸೈಜ್ ಎಷ್ಟು ತರಿಸಬೇಕು ಅನ್ನುವ ಲೆಕ್ಕ) ತಪ್ಪಿತ್ತು ಅಂತ ಅರ್ಥ. ಎಲ್, ಎಕ್ಸ್‌ಎಲ್ ಸೈಜ್ ಕೇಳಿ ಬಂದವರು ಬರಿಗೈಲಿ ಹೋಗಿದ್ದಾರೆ. ಆದರೆ ಆ ನಷ್ಟ ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಮಾರಿದ್ದನ್ನು ಕಂಪ್ಯೂಟರ್ ಹೇಳುತ್ತದೆ, ಕೇಳಿದರೂ ಸಿಗದೆ ಹೋದದ್ದನ್ನು ಹೇಳುವುದಿಲ್ಲ. ಅದು ಗೊತ್ತಾಗೋದು ಅಂಗಡಿಯಲ್ಲಿ ನಿಂತವರಿಗೆ ಮಾತ್ರ.

ಅದಕ್ಕೇ ನಾನು ಎಲ್ಲರಿಗೂ ಹೇಳೋದು: ಮೊದಲು ಅಂಗಡಿಯಲ್ಲಿ ಕೆಲಸ ಮಾಡಿ. ಬೆಳಗಾವಿಯ ಖಡೇಬಜಾರಿನ ಹಳೆಯ ಅಂಗಡಿಯಾದರೂ ಸರಿ, ದೊಡ್ಡ ಚೈನಿನ ಮಳಿಗೆಯಾದರೂ ಸರಿ. ಇಡೀ ದಿನ ನಿಲ್ಲಬೇಕು, ಹಬ್ಬ, ಭಾನುವಾರ ರಜೆ ಸಿಗಲ್ಲ. ಮನೆಯವರು ‘ಡಿಗ್ರಿ ಓದಿ ಅಂಗಡಿ ಕೆಲಸಾನಾ’ ಅಂತಾರೆ. ಅನ್ನಲಿ. ದಿನಾ ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಏನು ಕೇಳಿದರು, ಏನು ಇರಲಿಲ್ಲ, ಟ್ರಯಲ್ ರೂಮಿನಿಂದ ಯಾವುದು ವಾಪಸ್ ಬಂತು, ಯಾಕೆ ಬಂತು. ಕುತ್ತಿಗೆ ಆಳ ಜಾಸ್ತಿ ಅಂತ ಬಿಟ್ಟರಾ, ತೋಳು ಗಿಡ್ಡ ಅಂತಾನಾ, ಬೆಲೆ ನೋಡಿಯಾ? ಈ ಮೂರಕ್ಕೂ ಮದ್ದು ಬೇರೆ ಬೇರೆ.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ನಾಗರ ಪಂಚಮಿ ನಮ್ಮಲ್ಲಿ ಎಷ್ಟು ದೊಡ್ಡ ಹಬ್ಬ ಅಂತ ನಿಮಗೆ ಹೇಳಬೇಕಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳಿಗೆ ಸೀರೆ, ಮೊಮ್ಮಕ್ಕಳಿಗೆ ಹೊಸ ಬಟ್ಟೆ. ಅದು ಬರೋದು ಜುಲೈ ಕೊನೆಗೆ ಅಥವಾ ಆಗಸ್ಟ್‌ನಲ್ಲಿ. ಚೈನ್ ಅಂಗಡಿಗಳಿಗೆ ಜುಲೈ ಅಂದರೆ ಬೇಸಿಗೆ ಮಾಲನ್ನು ಡಿಸ್ಕೌಂಟಿನಲ್ಲಿ ಖಾಲಿ ಮಾಡುವ ಸಮಯ. ಜನ ಹೊಸದು ಹುಡುಕುವ ಹೊತ್ತಿಗೆ ರ‍್ಯಾಕಿನಲ್ಲಿ ಹಳೆಯದೇ ಜಾಸ್ತಿ ಇರುತ್ತದೆ. ವಿಜಯಪುರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದಾಗಲೂ ಹೀಗೇ, ಜನವರಿಯೂ ಸೇಲ್ ತಿಂಗಳೇ. ದೂರದಲ್ಲಿ ಕೂತು ಇಡೀ ದೇಶಕ್ಕೆ ಒಂದೇ ಕ್ಯಾಲೆಂಡರ್ ಮಾಡುವವರಿಗೆ ಇದನ್ನು ಹೇಳುವವರು ಬೇಕು. ನೀವು ಹೇಳಬಲ್ಲಿರಿ.

ನೇಯ್ಗೆ ಬಗ್ಗೆಯೂ ಅಷ್ಟೇ. ಇಳಕಲ್ ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸಿಗೂ (ಮಗ್ಗದಲ್ಲಿ ಉದ್ದಕ್ಕೆ ಬರುವ ನೂಲು) ಸೆರಗಿನ ಹಾಸಿಗೂ ಕುಣಿಕೆ ಹಾಕಿ ಸೇರಿಸುತ್ತಾರೆ, ಟೋಪ್ ತೆಣಿ ಅಂತಾರೆ. ಅದಕ್ಕೇ ಹಾಸನ್ನು ಒಂದೊಂದು ಸೀರೆಗೆ ಬೇರೆ ಬೇರೆಯಾಗಿಯೇ ಸಿದ್ಧ ಮಾಡಬೇಕು. ಚೆನ್ನಾಗಿ ಹೋಗ್ತಿದೆ, ಮುಂದಿನ ವಾರ ಇನ್ನೂ 500 ಕಳಿಸಿ ಅಂದರೆ ಬರಲ್ಲ. ಪ್ರಿಂಟೆಡ್ ಕುರ್ತಿಗೆ ನಡೆಯುವ ರಿಪೀಟ್ ಆರ್ಡರ್ ಇಲ್ಲಿ ನಡೆಯಲ್ಲ, ತಿಂಗಳುಗಳ ಮೊದಲೇ ಹೇಳಿರಬೇಕು. ನಮ್ಮೂರ ಖಣದ (ರವಿಕೆ ಬಟ್ಟೆ) ವಿಷಯದಲ್ಲೂ ಕೈಮಗ್ಗದ್ದು ಯಾವುದು, ಪವರ್‌ಲೂಮ್‌ನದು ಯಾವುದು ಅಂತ ಮುಟ್ಟಿ ಹೇಳಲು ಕಲಿತುಬಿಡಿ. ಇಳಕಲ್, ಬನಹಟ್ಟಿ ನಿಮಗೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಮಗ್ಗದ ಮುಂದೆ ಕೂತು ಕೇಳಿದರೆ ನೇಕಾರರು ಪ್ರೀತಿಯಿಂದ ಹೇಳುತ್ತಾರೆ.

ಇದರ ಜೊತೆ ಕಂಪ್ಯೂಟರಿನಲ್ಲಿ ಎಕ್ಸೆಲ್ ಕಲಿಯಿರಿ. ಅದರಲ್ಲಿ ಅಂಕಿಗಳನ್ನು ಒಟ್ಟುಮಾಡಿ ತೋರಿಸುವ ಪಿವಟ್ ಟೇಬಲ್, ಪಟ್ಟಿಯಿಂದ ಬೇಕಾದದ್ದನ್ನು ಹುಡುಕಿ ಕೊಡುವ ವಿ-ಲುಕಪ್ ಬಾರದೆ ಮುಖ್ಯ ಕಚೇರಿಯಲ್ಲಿ ಒಂದು ದಿನವೂ ನಡೆಯಲ್ಲ. ಇಂಗ್ಲಿಷ್ ಭಯ ಬೇಡ, ರೂಢಿಯಿಂದ ಬರುತ್ತದೆ.

ಕೆಲಸ ಹುಡುಕುವಾಗ ಒಂದು ಎಚ್ಚರ. ಗಾರ್ಮೆಂಟ್ ಫ್ಯಾಕ್ಟರಿಗಳ ಜಾಹೀರಾತಿನಲ್ಲೂ ‘ಮರ್ಚಂಡೈಸರ್’ ಅಂತಲೇ ಇರುತ್ತದೆ. ಅದು ವಿದೇಶಿ ಕಂಪನಿಯ ಆರ್ಡರ್ ಹಿಡಿದು ಸ್ಯಾಂಪಲ್, ಬಟ್ಟೆ, ಗುಂಡಿ, ಶಿಪ್‌ಮೆಂಟ್ ಹಿಂದೆ ಓಡಾಡುವ ಕೆಲಸ. ಒಳ್ಳೆಯ ಕೆಲಸವೇ, ಆದರೆ ನೀವು ಕೇಳಿದ್ದಲ್ಲ. ವಿಷುವಲ್ ಮರ್ಚಂಡೈಸರ್ ಅಂದರೆ ಗೊಂಬೆ, ರ‍್ಯಾಕ್ ಜೋಡಿಸುವವರು. ನಿಮಗೆ ಬೇಕಾದದ್ದು ಪ್ಲಾನಿಂಗ್ (ಎಷ್ಟು ಬೇಕು ಅನ್ನುವ ಲೆಕ್ಕ), ಅಲೊಕೇಶನ್ (ಅಂಗಡಿಗಳಿಗೆ ಮಾಲು ಹಂಚೋದು), ಬೈಯಿಂಗ್ (ಮಾಲು ಆರಿಸಿ ಕೊಳ್ಳೋದು). ಮಿಂತ್ರಾ, ಲೈಫ್‌ಸ್ಟೈಲ್, ಮ್ಯಾಕ್ಸ್ ಇವುಗಳ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇವೆ. ಅಲೊಕೇಶನ್‌ನಿಂದ ಒಳಗೆ ಹೋಗೋದು ಸುಲಭ ಅನ್ನೋದು ನನ್ನ ಅಭಿಪ್ರಾಯ, ಯಾಕೆಂದರೆ ಯಾವ ಅಂಗಡಿಗೆ ಎಷ್ಟು ಕಳಿಸಬೇಕು ಅನ್ನುವ ಪ್ರಶ್ನೆಗೆ ಅಂಗಡಿಯಲ್ಲಿ ನಿಂತವರ ಹತ್ತಿರ ಉತ್ತರ ಇರುತ್ತದೆ.

ಮುಂದೆ ಓದಬೇಕು ಅಂತಿದ್ದರೆ ನಿಫ್ಟ್‌ನಲ್ಲಿ (ಕೇಂದ್ರ ಸರ್ಕಾರದ ಫ್ಯಾಷನ್ ಶಿಕ್ಷಣ ಸಂಸ್ಥೆ) 2 ವರ್ಷದ ಮಾಸ್ಟರ್ ಆಫ್ ಫ್ಯಾಷನ್ ಮ್ಯಾನೇಜ್‌ಮೆಂಟ್ ಇದೆ. ಯಾವ ಡಿಗ್ರಿ ಆಗಿದ್ದರೂ ನಡೆಯುತ್ತದೆ, ಬೆಂಗಳೂರಿನಲ್ಲೂ ಕ್ಯಾಂಪಸ್ ಇದೆ. ಫೀಸು ಹಗುರವಲ್ಲ, ಮೊದಲೇ ವಿಚಾರಿಸಿ. ಇದರ ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬಿಡಿಸುವ ಪೇಪರ್ ಇಲ್ಲ. ಗಣಿತ, ಇಂಗ್ಲಿಷ್, ತರ್ಕ, ಸಾಮಾನ್ಯ ಜ್ಞಾನ ಕೇಳುತ್ತಾರೆ. ಬ್ಯಾಂಕ್ ಪರೀಕ್ಷೆಗೂ ಹೆಚ್ಚು ಕಡಿಮೆ ಇವೇ ವಿಷಯ. ಹಾಗಾಗಿ ಅಪ್ಪಾರ ಜೊತೆ ಜಗಳ ಬೇಡ. ಒಂದೇ ತಯಾರಿಯಲ್ಲಿ ಎರಡೂ ಬರೆಯುತ್ತೇನೆ ಅಂತ ಹೇಳಿ. ನಿಫ್ಟ್ ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಶುರುವಾಗುತ್ತದೆ, ಡಿಗ್ರಿ ಫಲಿತಾಂಶಕ್ಕೆ ಕಾಯುತ್ತಾ ಕೂರಬೇಡಿ.