ಚಳಿಗೆ ಏನು ಕುಡಿದರೆ ಮೈ ಬೆಚ್ಚಗಾಗುತ್ತದೆ?

ಚಳಿ ಶುರುವಾದ ಮೇಲೆ ಅಡುಗೆ, ಆಹಾರದ ಬಗ್ಗೆ ಬರುವ ಪ್ರಶ್ನೆಗಳೆಲ್ಲ ಲೋಟದ ಸುತ್ತಲೇ ತಿರುಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಈ ವಾರ ಉತ್ತರ.

ಪ್ರಶ್ನೆ: ಧನುರ್ಮಾಸದ ಚಳಿಗೆ ದಿನಕ್ಕೆ ಆರೇಳು ಲೋಟ ಕಾಫಿ ಆಗಿಬಿಡುತ್ತದೆ. ಕುಡಿದಾಗ ಹಾಯೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ನಡುಕ. ನಿಜವಾಗಿ ಮೈಗೆ ಶಾಖ ಕೊಡುವ ಪಾನೀಯ ಯಾವುದು? (ಚಿಕ್ಕಮಗಳೂರು)

ನೇರವಾಗಿ ಹೇಳುವುದಾದರೆ, ಅಂಥದ್ದು ಯಾವುದೂ ಇಲ್ಲ. 150 ಮಿ.ಲೀ. ಕಾಫಿ 60 ಡಿಗ್ರಿ ಬಿಸಿ ಇದೆ ಅಂದುಕೊಳ್ಳಿ. ಅದು ನಮ್ಮ ಮೈಯ 37 ಡಿಗ್ರಿಗೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವುದು ಹೆಚ್ಚುಕಡಿಮೆ ಮೂರೂವರೆ ಕಿಲೊಕ್ಯಾಲರಿ ಶಾಖ. ಸುಮ್ನೆ ಕೂತಿದ್ದರೂ ದೇಹ ಗಂಟೆಗೆ 70ರ ಆಸುಪಾಸು ಕಿಲೊಕ್ಯಾಲರಿ ಖರ್ಚು ಮಾಡುತ್ತದೆ. ಅಂದರೆ ಆ ಲೋಟದ ಬಿಸಿ ಮೂರು ನಿಮಿಷದ ಬಾಬತ್ತು. ಅದಕ್ಕೆ ಹಾಕಿದ ಒಂದು ಚಮಚ ಸಕ್ಕರೆಯಲ್ಲೇ 20 ಕಿಲೊಕ್ಯಾಲರಿ ಇರುತ್ತದೆ!

ಹಾಗಂತ ಬೆಚ್ಚಗೆನಿಸುವುದು ಸುಳ್ಳೇನಲ್ಲ. ಲೋಟ ಹಿಡಿದ ಅಂಗೈ, ತುಟಿ, ಗಂಟಲು ಬಿಸಿಯನ್ನು ಬೇಗ ಗುರುತಿಸುತ್ತವೆ. ಶುಂಠಿ, ಮೆಣಸಿನ ಖಾರವೂ ಬಿಸಿಯನ್ನು ಗುರುತಿಸುವ ಅದೇ ನರಗಳನ್ನು ಕೆರಳಿಸುತ್ತದೆ. ಅದಕ್ಕೇ ಆರಿದ ಕಷಾಯವೂ ಒಳಗೆ ಬಿಸಿ ಅನ್ನಿಸುತ್ತದೆ. ಆ ಹಿತಕ್ಕಾಗಿ ಕುಡಿಯಿರಿ, ಯಾರೂ ಬೇಡ ಅನ್ನುವುದಿಲ್ಲ. ನಡುಕ ನಿಲ್ಲಬೇಕಾದರೆ ಮಾತ್ರ ಸ್ವೆಟರ್, ಕಾಲುಚೀಲ, ಹೊಟ್ಟೆ ತುಂಬ ಊಟ ಬೇಕು.

ಆರೇಳು ಲೋಟ ಜಾಸ್ತಿಯಾಯಿತು. ದಿನಕ್ಕೆ 300 ಮಿ.ಗ್ರಾಂ. ಕೆಫೀನ್ ದಾಟಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲೇ 80ರಿಂದ 120 ಮಿ.ಗ್ರಾಂ. ಇರಬಹುದು. ಎರಡು ಲೋಟಕ್ಕೆ ನಿಲ್ಲಿಸಿ, ಉಳಿದ ಹೊತ್ತಿಗೆ ಜೀರಿಗೆ ನೀರೋ ಕಷಾಯವೋ ಆಗಲಿ. ಊಟಕ್ಕೆ ಒಂದು ಗಂಟೆ ಮೊದಲು, ಆದ ಮೇಲೆ ಒಂದು ಗಂಟೆ ಕಾಫಿ, ಟೀ ಬೇಡ. ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಪ್ರಶ್ನೆ: ನಮ್ಮತ್ತೆ ಮಾಡುವ ಕಷಾಯದ ಪುಡಿ ಘಮಘಮ ಅನ್ನುತ್ತದೆ. ನಾನು ಮಾಡಿದರೆ ಕಹಿ. ಅಳತೆ ಕೇಳಿದರೆ "ಕಣ್ಣಂದಾಜು" ಅಂತಾರೆ. (ಶಿರಸಿ ಕಡೆಯ ಸೊಸೆ, ಈಗ ಬೆಂಗಳೂರು)

ಅಳತೆಗಿಂತ ಹುರಿಯುವುದರಲ್ಲಿ ಕೆಟ್ಟಿರುತ್ತದೆ. ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದಿರಿ, ಅಲ್ವಾ? ಕೊತ್ತಂಬರಿ ಬೀಜ ಹದಕ್ಕೆ ಬರುವಷ್ಟರಲ್ಲಿ ಮೆಂತ್ಯ ಸೀದಿರುತ್ತದೆ. ಕಹಿ ಅಲ್ಲಿಂದಲೇ ಬರುವುದು.

ಒಂದು ಲೋಟ ಕೊತ್ತಂಬರಿ ಬೀಜಕ್ಕೆ ಅರ್ಧ ಲೋಟ ಜೀರಿಗೆ, ಎರಡು ಚಮಚ ಕಾಳುಮೆಣಸು, ಒಂದೇ ಚಮಚ ಮೆಂತ್ಯ, ಹೆಬ್ಬೆರಳಿನಷ್ಟು ಒಣಶುಂಠಿ, ನಾಲ್ಕು ಏಲಕ್ಕಿ ಇಟ್ಟುಕೊಳ್ಳಿ. ಕೊತ್ತಂಬರಿಯನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ ಹುರಿದು ತೆಗೆಯಿರಿ. ಜೀರಿಗೆ ಬೇರೆ, ಮೆಣಸು ಬೇರೆ. ಮೆಂತ್ಯ ಕೊನೆಗೆ. ಅದು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೂ ಆ ಬಿಸಿಗೆ ಕಪ್ಪಾಗುತ್ತದೆ. ಏಲಕ್ಕಿ ಹುರಿಯುವುದೇ ಬೇಡ. ಎಲ್ಲ ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಗಾಳಿಯಾಡದ ಡಬ್ಬಿಗೆ ಹಾಕಿ. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ, ಹಳತಾದರೆ ಘಮ ಹೋಗುತ್ತದೆ.

ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ರುಚಿಗೆ ಬೆಲ್ಲ. ಎರಡು ಮೂರು ನಿಮಿಷ ಕುದಿಸಿ ಸೋಸಿದರೆ ಮುಗಿಯಿತು. ಆಮೇಲೆ ಅತ್ತೆಗೇ ಒಂದು ಲೋಟ ಕೊಟ್ಟು ನೋಡಿ.

ಪ್ರಶ್ನೆ: ಬೆಲ್ಲ ಹಾಕಿದರೆ ಕಾಫಿ, ಕಷಾಯ ಎರಡೂ ಒಡೆಯುತ್ತವೆ. ಹಾಲು ತಾಜಾ ಇದ್ದರೂ ಹೀಗೇ. (ದಾವಣಗೆರೆ)

ಬೆಲ್ಲಕ್ಕೆ ತುಸು ಹುಳಿ ಗುಣ ಇದೆ. ಹಳೆ ಬೆಲ್ಲಕ್ಕೆ ಇನ್ನೂ ಜಾಸ್ತಿ. ಹಾಲು ಕುದಿಯುತ್ತಿರುವಾಗ ಅಷ್ಟು ಹುಳಿಯೇ ಸಾಕು, ಅದರ ಪ್ರೋಟೀನ್ ಗಟ್ಟಿಕಟ್ಟಿ ಹಾಲು ಒಡೆಯುತ್ತದೆ. ಹಾಗಾಗಿ ಬೆಲ್ಲ, ಹಾಲು ಎರಡನ್ನೂ ಒಟ್ಟಿಗೆ ಕುದಿಸಬೇಡಿ. ಬೆಲ್ಲವನ್ನು ಡಿಕಾಕ್ಷನ್ನಿನಲ್ಲೋ ಕಷಾಯದ ನೀರಿನಲ್ಲೋ ಕರಗಿಸಿ, ಕೆಳಗಿಳಿಸಿ, ಎರಡು ನಿಮಿಷ ಬಿಡಿ. ಹಾಲನ್ನು ಬೇರೆ ಕಾಯಿಸಿಕೊಂಡು, ಅದರ ಕುದಿ ಇಳಿದ ಮೇಲೆ ಲೋಟದಲ್ಲೇ ಬೆರೆಸಿ. ಮತ್ತೆ ಒಲೆಗೆ ಇಡಬೇಡಿ. ಚಿಟಿಕೆ ಸೋಡಾ ಹಾಕಿದರೆ ಒಡೆಯುವುದಿಲ್ಲ ಅನ್ನುವವರಿದ್ದಾರೆ. ನಿಜ, ಆದರೆ ಕಾಫಿ ರುಚಿ ಕೆಡುತ್ತದೆ.

ನನ್ನನ್ನು ಕೇಳಿದರೆ ಬೆಲ್ಲದ ಕಾಫಿಗೆ ಹಾಲೇ ಬೇಡ. ಕೊಡಗು, ಮಲೆನಾಡಿನ ಮನೆಗಳಲ್ಲಿ ನೀರಿಗೆ ಬೆಲ್ಲ ಹಾಕಿ ಕುದಿಸಿ, ಕಾಫಿ ಪುಡಿ ಉದುರಿಸಿ, ಚರಟ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ಬಗ್ಗಿಸಿಕೊಳ್ಳುತ್ತಾರೆ. ಬಿಸಿ ಅಕ್ಕಿ ರೊಟ್ಟಿ ಜೊತೆ ಅದರ ರುಚಿಯೇ ಬೇರೆ.

ಪ್ರಶ್ನೆ: ತಾಯಿಗೆ 72 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಚಳಿಗಾಲ ಪೂರ್ತಿ ದಿನಾ ಎರಡು ಹೊತ್ತು ಜೇಷ್ಠಮಧು ಕಷಾಯ ಕುಡಿಯುತ್ತಾರೆ. ಪರವಾಗಿಲ್ಲವಾ? (ಹಾಸನ)

ನಿಲ್ಲಿಸಲು ಹೇಳಿ. ಜೇಷ್ಠಮಧು ದಿನಾ ಹೊಟ್ಟೆಗೆ ಹೋದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಇಳಿಸುತ್ತವೆ. ಎರಡೂ ಸೇರಿದರೆ ಹೃದಯಕ್ಕೆ ಅಪಾಯ. ಇಷ್ಟು ದಿನ ಕುಡಿದಿದ್ದಾರೆ ಎಂದು ವೈದ್ಯರಿಗೂ ಹೇಳಿ, ಒಮ್ಮೆ ಬಿಪಿ ನೋಡಿಸಿ.

ಬದಲಿಗೆ ಬೆಳಗ್ಗೆ ಬಿಸಿ ರಾಗಿ ಗಂಜಿ ಕೊಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಆ ವಯಸ್ಸಿನ ಮೂಳೆಗೆ ಬೇಕಾದದ್ದು. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲೇ ಕದಡಿ, ಆಮೇಲೆ ಕುದಿಯುವ ನೀರಿಗೆ ಕೈಯಾಡಿಸುತ್ತ ಸುರಿಯಿರಿ, ಗಂಟು ಕಟ್ಟುವುದಿಲ್ಲ. ಹಸಿ ವಾಸನೆ ಹೋಗುವವರೆಗೆ ಬೇಯಲಿ. ಉಪ್ಪು ಹಿಡಿತದಲ್ಲಿರಲಿ. ಸಕ್ಕರೆ ಕಾಯಿಲೆಯೂ ಇದ್ದರೆ ಬೆಲ್ಲ ಬೇಡ, ಗಂಜಿಯನ್ನೂ ತಿಂಡಿಯ ಲೆಕ್ಕಕ್ಕೇ ಸೇರಿಸಿ.

ಇನ್ನೊಂದು ವಿಷಯ. ವಯಸ್ಸಾದವರಲ್ಲಿ ಕೆಲವರು ಸುಡುಸುಡು ಕುಡಿಯುತ್ತಾರೆ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿತು. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದು ಕೊಡಿ.

ಪ್ರಶ್ನೆ: ಶೀತ ಆದಾಗ ಮಗುವಿಗೆ ಬಿಸಿನೀರಲ್ಲಿ ಒಂದು ಚಮಚ ಬ್ರಾಂಡಿ, ಜೇನುತುಪ್ಪ ಕೊಡಿ ಅಂತಾರೆ. ಮಗುವಿಗೆ ಹತ್ತು ತಿಂಗಳು. (ಮಡಿಕೇರಿ)

ಎರಡೂ ಬೇಡವೇ ಬೇಡ. ಬ್ರಾಂಡಿ ಕುಡಿದಾಗ ಚರ್ಮದ ರಕ್ತನಾಳಗಳು ಅಗಲವಾಗಿ ಮೈ ಬಿಸಿ ಅನ್ನಿಸುತ್ತದೆ. ಆದರೆ ಆ ಶಾಖ ಹೊರಗೆ ಹೋಗಿ ಒಳಗಿನ ಮೈ ತಣ್ಣಗಾಗುತ್ತದೆ. ದೊಡ್ಡವರಿಗೂ ಚಳಿಗೆ ಅದು ಮದ್ದಲ್ಲ, ಪುಟ್ಟ ಮಗುವಿಗಂತೂ ವಿಷ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನೂ ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಕಾಯಿಲೆ ತರುತ್ತದೆ. ಎದೆಹಾಲು ಜಾಸ್ತಿ ಸಲ ಕೊಡಿ. ಉಸಿರಾಟ ಜೋರಾದರೆ, ಮಗು ಹಾಲು ಕುಡಿಯದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಇಲ್ಲಿ ಹಿಮ. ಬೆಳಗ್ಗೆ ಫ್ಲಾಸ್ಕಿಗೆ ತುಂಬಿದ ಫಿಲ್ಟರ್ ಕಾಫಿ ಮಧ್ಯಾಹ್ನಕ್ಕೆ ವಾಸನೆ ಬರುತ್ತದೆ. (ಟೊರೊಂಟೊ)

ಹಾಲು ಬೆರೆಸಿ ಒಯ್ಯುತ್ತಿದ್ದೀರಿ. ಫ್ಲಾಸ್ಕ್ 60 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಹಾಲು ಕೆಡಲು ಅದು ಒಳ್ಳೇ ಜಾಗ. ಮೊದಲು ಫ್ಲಾಸ್ಕಿಗೆ ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ. ಆಮೇಲೆ ಬರೀ ಡಿಕಾಕ್ಷನ್ನನ್ನು ಬಿಸಿನೀರಿನ ಜೊತೆ ತುಂಬಿ. ಹಾಲು ಆಫೀಸಿನ ಫ್ರಿಜ್ಜಿನಲ್ಲಿರಲಿ, ಕುಡಿಯುವಾಗ ಬಿಸಿ ಮಾಡಿ ಬೆರೆಸಿ. ಚಿಕೋರಿ ಇರುವ ಪುಡಿಯಾದರೆ ಡಿಕಾಕ್ಷನ್ ಗಟ್ಟಿ ಇಳಿಯುತ್ತದೆ, ಸ್ವಲ್ಪವೇ ಒಯ್ದರೂ ಸಾಕಾಗುತ್ತದೆ.