ಓದಲು ಬಿಟ್ಟಿ, ಬರೆಯಲು ದುಡ್ಡೇ?

ಪ್ರಶ್ನೆ: ಮಲೆನಾಡಿನ ಹಳ್ಳಗಳ ಕಪ್ಪೆಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. 3,500 ರೂಪಾಯಿ ಕಟ್ಟಿದರೆ ಐದು ದಿನದಲ್ಲಿ ಪೇಪರ್ ಪ್ರಕಟಿಸುತ್ತೇವೆ ಎಂದು ಒಂದು ಜರ್ನಲ್‌ನಿಂದ ಈಮೇಲ್ ಬಂದಿದೆ. ‘ಓಪನ್ ಆಕ್ಸೆಸ್ ಅಂದರೆ ಇದೇ, ಆ ಕಡೆ ಹೋಗಬೇಡ’ ಎನ್ನುತ್ತಾರೆ ಗೈಡ್. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ, ಶಿವಮೊಗ್ಗ

ಸಂಪಾದಕರ ಉತ್ತರ: ನೀವು ಕಳಿಸಿದ ಈಮೇಲ್ ನಕಲು ಓದಿದೆ. ಥೀಸಿಸ್ಸೇ ಮುಗಿಯದ ನಿಮ್ಮನ್ನು ‘ಮಾನ್ಯ ಪ್ರೊಫೆಸರ್’ ಅಂತ ಕರೆದಿದ್ದಾರೆ! ಕಪ್ಪೆ, ಕಾಮರ್ಸ್, ಕಾನೂನು ಎಲ್ಲಕ್ಕೂ ಅವರದು ಒಂದೇ ಜರ್ನಲ್. ನಿಮ್ಮ ಪೇಪರ್ ಪರಿಶೀಲಿಸಲು ಕಪ್ಪೆ ಬಲ್ಲವರಿಬ್ಬರನ್ನು ಒಪ್ಪಿಸುವುದಕ್ಕೇ ಐದು ದಿನ ಸಾಲದು. ದುಡ್ಡು ಕಟ್ಟಬೇಡಿ.

ಆದರೆ ಗೈಡ್ ಮಾತು ಅರ್ಧ ಮಾತ್ರ ಸರಿ. ಓಪನ್ ಆಕ್ಸೆಸ್ ಅಂದರೆ ಪೇಪರ್ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು ಅಂತ. ಬರೆದವರು ದುಡ್ಡು ಕಟ್ಟಲೇಬೇಕು ಅಂತ, ಓಪನ್ ಆಕ್ಸೆಸ್ ಎಂದರೇನೆಂದು ಹೇಳಿದ 2002ರ ಬುಡಾಪೆಸ್ಟ್ ಘೋಷಣೆ ಎಲ್ಲೂ ಹೇಳಿಲ್ಲ. ದೊಡ್ಡ ಪ್ರಕಾಶಕರಲ್ಲಿ ಹಲವರು ಲಕ್ಷಗಟ್ಟಲೆ ಕೇಳುತ್ತಾರೆ, ನಿಜ. ಆದರೆ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ತನ್ನ ಜರ್ನಲ್‌ಗಳನ್ನು ತನ್ನ ತಾಣದಲ್ಲಿ ಬಿಟ್ಟಿಯಾಗಿ ಓದಲು ಕೊಡುತ್ತದೆ, ಬರೆದವರಿಂದಲೂ ಕಾಸು ಕೇಳುವುದಿಲ್ಲ.

ಯುಜಿಸಿ ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿ 2025ರಲ್ಲಿ ನಿಂತುಹೋಯಿತು. ಹಾಗಾಗಿ ಜರ್ನಲ್ ಅಸಲಿಯೋ ನಕಲಿಯೋ ಎಂದು ನೀವೇ ನೋಡಿಕೊಳ್ಳಬೇಕು. ಓಪನ್ ಆಕ್ಸೆಸ್ ಜರ್ನಲ್‌ಗಳನ್ನು ಪಟ್ಟಿ ಮಾಡುವ ಡಿಒಎಜೆ (DOAJ) ಎಂಬ ತಾಣದಲ್ಲಿ ಹುಡುಕಿ. ಶುಲ್ಕ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅವಸರವೂ ಬೇಡ. ಥೀಸಿಸ್ ಸಲ್ಲಿಸುವ ಮೊದಲು ಪೇಪರ್ ಪ್ರಕಟವಾಗಿರಲೇಬೇಕು ಎಂಬ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ್ದು ಬೇರೆ ನಿಯಮ ಇರಬಹುದು, ಕಚೇರಿಯಲ್ಲಿ ಒಮ್ಮೆ ಕೇಳಿ.

ಇನ್ನೊಂದು ದಾರಿಯನ್ನು ನಮ್ಮಲ್ಲಿ ಜಾಸ್ತಿ ಜನ ಬಳಸುವುದೇ ಇಲ್ಲ. ಓದುಗರಿಂದ ಚಂದಾ ಕೇಳುವ ಜರ್ನಲ್‌ನಲ್ಲೇ ಪ್ರಕಟಿಸಿ, ಆಮೇಲೆ ನಿಮ್ಮ ಪ್ರತಿಯನ್ನು ಸಂಸ್ಥೆಯ ಭಂಡಾರಕ್ಕೆ, ಅಂದರೆ ಯಾರು ಬೇಕಾದರೂ ಓದಬಹುದಾದ ಅದರ ಆನ್‌ಲೈನ್ ಸಂಗ್ರಹಕ್ಕೆ, ಹಾಕುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಇಂಥ ಭಂಡಾರವನ್ನು 2002ರಲ್ಲೇ ತೆರೆಯಿತು. ಯಾವ ಪ್ರತಿ ಹಾಕಬಹುದು, ಎಷ್ಟು ತಿಂಗಳು ಕಾಯಬೇಕು ಎಂಬುದು ಆಯಾ ಜರ್ನಲ್‌ನ ನಿಯಮದಲ್ಲಿರುತ್ತದೆ. ಹಲವು ಕಡೆ ಪ್ರಕಾಶಕರ ಚೆಂದದ ಪಿಡಿಎಫ್ ಹಾಕುವಂತಿಲ್ಲ. ಪರಿಶೀಲಕರು ಹೇಳಿದ್ದನ್ನೆಲ್ಲ ತಿದ್ದಿ, ಜರ್ನಲ್ ಒಪ್ಪಿದ ನಿಮ್ಮದೇ ಫೈಲ್ ಹಾಕಬಹುದು.

‘ತೆರೆದಿಟ್ಟರೆ ಕದಿಯುತ್ತಾರೆ’ ಎಂಬ ಹೆದರಿಕೆ ಬೇಡ. ತಾರೀಖಿನ ಸಮೇತ ಎಲ್ಲರ ಕಣ್ಣಿಗೆ ಬಿದ್ದಿರುವುದನ್ನು ಕದ್ದರೆ ಸಿಕ್ಕಿಬೀಳುವುದೇ ಸುಲಭ. ಹೇಗಿದ್ದರೂ ನಿಮ್ಮ ಥೀಸಿಸ್ ಕೊನೆಗೆ ದೇಶದ ಪಿಎಚ್.ಡಿ. ಥೀಸಿಸ್‌ಗಳ ತೆರೆದ ತಾಣವಾದ ಶೋಧಗಂಗಾಕ್ಕೆ ಹೋಗಲೇಬೇಕಲ್ವಾ? ಅಪರೂಪದ ಕಪ್ಪೆ ಸಿಕ್ಕ ಹಳ್ಳದ ನಿಖರ ಅಕ್ಷಾಂಶ, ರೇಖಾಂಶ ಮಾತ್ರ ಬಚ್ಚಿಡಿ. ಕಪ್ಪೆ ಹಿಡಿದು ಮಾರುವವರೂ ಪೇಪರ್ ಓದುತ್ತಾರೆ.

ಹೋದ ವರ್ಷ ಜಿಗಣೆಯ ಲೇಖನಕ್ಕಾಗಿ ನನಗೊಂದು ಪೇಪರ್ ಬೇಕಿತ್ತು. ಜರ್ನಲ್ ತಾಣದ ಬಾಗಿಲಲ್ಲೇ ದುಡ್ಡು ಕೇಳಿದರು. ಬರೆದವರಿಗೇ ಈಮೇಲ್ ಮಾಡಿದೆ. ಅರ್ಧ ಗಂಟೆಯಲ್ಲಿ ಪಿಡಿಎಫ್ ಬಂತು. ‘ಭಂಡಾರಕ್ಕೂ ಹಾಕಿಬಿಡಿ ಮೇಡಂ’ ಎಂದೆ. ‘ಕೊನೆಯ ವರ್ಡ್ ಫೈಲ್ ಹಳೇ ಲ್ಯಾಪ್‌ಟಾಪ್ ಜೊತೆಗೇ ಹೋಯ್ತು ಸಾರ್’ ಎಂದರು. ನೀವು ಆ ಫೈಲನ್ನು ಈಗಲೇ ಎರಡು ಕಡೆ ಉಳಿಸಿಡಿ.